ಮದ್ದಿಗೆ ಬಗ್ಗದ ಕ್ಯಾನ್ಸರ್ ಕೋಶ

ನಿಮ್ಮ ಮೈಮೇಲೆ ಕಪ್ಪು ಮಚ್ಚೆ ಇದೆಯೇ? ಇದ್ದೇ ಇರುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಆದರೆ ಅಪರೂಪಕ್ಕೆ ಈ ಬಣ್ಣದ ಕೋಶಗಳು ಅಂಕೆ ಮೀರಿ ವಿಭಜಿಸತೊಡಗುತ್ತವೆ. ಆಗ ಬರುವ ಕಾಯಿಲೆಯೇ ಮೆಲನೋಮ. ಚರ್ಮದ ಕ್ಯಾನ್ಸರ್‌ಗಳಲ್ಲಿ ಇದು ಬಲು ಅಪಾಯಕಾರಿ. ಬಿಳಿ ಚರ್ಮದವರು ಹೆಚ್ಚಾಗಿರುವ, ಬಿಸಿಲೂ ಜೋರಾಗಿರುವ ಆಸ್ಟ್ರೇಲಿಯದಲ್ಲಿ ಹೆಚ್ಚು. ನಮ್ಮಲ್ಲಿ ಕಡಿಮೆ, ಬಂದರೆ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಅಂದ ಹಾಗೆ, ಇದು ಅಂಟುರೋಗವಲ್ಲ.

ಜೀವಕೋಶ ತನಗೆ ತೋಚಿದಾಗಲೆಲ್ಲ ಎರಡಾಗುವುದಿಲ್ಲ. 'ಎರಡಾಗು' ಎಂಬ ಸಂದೇಶ ಬರಬೇಕು. ಅದು ಕೋಶದ ಹೊರಪೊರೆಯಿಂದ ಕೋಶಕೇಂದ್ರದವರೆಗೆ ಪ್ರೋಟೀನ್‌ಗಳ ಮೂಲಕ ಕೈಯಿಂದ ಕೈಗೆ ಸಾಗುತ್ತದೆ. ಬಿ-ರಾಫ್ ಎಂಬ ಪ್ರೋಟೀನ್ ಅದನ್ನು ಮೆಕ್ ಎಂಬ ಪ್ರೋಟೀನಿಗೆ, ಮೆಕ್ ಎರ್ಕ್ ಎಂಬುದಕ್ಕೆ ದಾಟಿಸುತ್ತದೆ. ಗದ್ದೆಗೆ ನೀರು ಹರಿಸುವ ಕಾಲುವೆಯನ್ನು ನೆನಪಿಸಿಕೊಳ್ಳಿ. ಬಿ-ರಾಫ್ ಮೇಲಿನ ತೂಬು, ಮೆಕ್ ಅದರ ಕೆಳಗಿನ ತೂಬು. ನೀರು ಬೇಕಾದಾಗ ತೂಬು ತೆರೆಯುತ್ತದೆ, ಸಾಕಾದಾಗ ಮುಚ್ಚುತ್ತದೆ.

ಬಿ-ರಾಫ್ ಎಂದರೆ 766 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಅನೇಕ ಮೆಲನೋಮಗಳಲ್ಲಿ ಈ ಸರ ಕೆಟ್ಟಿರುತ್ತದೆ ಎಂಬುದು 2002ರಲ್ಲಿ ತಿಳಿಯಿತು. ಹೆಚ್ಚಾಗಿ ಕಾಣುವ ದೋಷ ಇಷ್ಟೇ: 600ನೆಯ ಮಣಿಯಾದ ವ್ಯಾಲೀನ್ ಹೋಗಿ ಅಲ್ಲಿ ಗ್ಲುಟಾಮಿಕ್ ಆಮ್ಲ ಬಂದು ಕೂತಿರುತ್ತದೆ. 766ರಲ್ಲಿ ಒಂದೇ ಒಂದು! ಅಷ್ಟಕ್ಕೇ ತೂಬು ತೆರೆದೇ ನಿಲ್ಲುತ್ತದೆ. ಸಂದೇಶ ಹಗಲೂ ರಾತ್ರಿ ಹರಿಯುತ್ತದೆ, ಕೋಶಗಳು ಬೆಳೆಯುತ್ತಲೇ ಇರುತ್ತವೆ.

ಈ ಕೆಟ್ಟ ತೂಬನ್ನು ಮುಚ್ಚುವ ವೆಮುರಾಫೆನಿಬ್ ಎಂಬ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅನೇಕ ರೋಗಿಗಳ ಗಡ್ಡೆಗಳು ಕೆಲವೇ ವಾರಗಳಲ್ಲಿ ಕುಗ್ಗಿದವು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು. ಆದರೆ ಬಹಳ ಮಂದಿಯಲ್ಲಿ ಆರೇಳು ತಿಂಗಳಲ್ಲಿ ಗಡ್ಡೆ ಮತ್ತೆ ಬೆಳೆಯಿತು. ಔಷಧಿಯನ್ನು ಒಂದು ದಿನವೂ ತಪ್ಪಿಸದಿದ್ದರೂ! ಏಕೆ?

ಉತ್ತರದ ಒಂದು ಭಾಗ 2010ರಲ್ಲೇ ಅಮೆರಿಕದ ಬಾಸ್ಟನ್ ಸುತ್ತಲಿನ ಪ್ರಯೋಗಾಲಯಗಳಲ್ಲಿ ಸಿಕ್ಕಿತ್ತು. ಅಲ್ಲಿನ ವಿಜ್ಞಾನಿಗಳು ಮೆಲನೋಮ ಕೋಶಗಳಲ್ಲಿ ಸುಮಾರು 600 ಪ್ರೋಟೀನ್‌ಗಳನ್ನು ಒಂದೊಂದಾಗಿ ಹೆಚ್ಚಿಸಿದರು. ಬಳಿಕ ಇದೇ ಜಾತಿಯ ಔಷಧಿ ಹಾಕಿ, ಯಾವ ಕೋಶ ಉಳಿಯುತ್ತದೆ ಎಂದು ನೋಡಿದರು. ಎಷ್ಟು ತಾಳ್ಮೆಯ ಕೆಲಸ, ಯೋಚಿಸಿ! ಕೋಶಗಳನ್ನು ಉಳಿಸಿದ ಪ್ರೋಟೀನ್‌ಗಳಲ್ಲಿ ಒಂದರ ಹೆಸರು ಕಾಟ್. (ಹೆಸರಿಗೆ ತಕ್ಕಂತೆ ಕಾಟ ಕೊಡುವುದೇ!)

ಕಾಟ್ ಮಾಡುವುದೇನು? ಅದು ಬಿ-ರಾಫ್‌ನ ತಂಟೆಗೇ ಹೋಗುವುದಿಲ್ಲ. ನೇರವಾಗಿ ಮೆಕ್‌ಗೆ ಸಂದೇಶ ಮುಟ್ಟಿಸುತ್ತದೆ. ಮೇಲಿನ ತೂಬನ್ನು ಭದ್ರವಾಗಿ ಮುಚ್ಚಿದರೂ, ಅದರ ಕೆಳಗೆ ಪಕ್ಕದ ಹಳ್ಳವೊಂದು ಕಾಲುವೆಗೆ ಬಂದು ಸೇರಿದರೆ ಗದ್ದೆಗೆ ನೀರು ಹರಿಯುವುದಿಲ್ಲವೇ? ಹಾಗೆಯೇ ಇದು. ಗಡ್ಡೆಯಲ್ಲಿರುವ ಕೋಟ್ಯಂತರ ಕೋಶಗಳು ಒಂದೇ ಬಗೆಯವಲ್ಲ. ಕೆಲವದರಲ್ಲಿ ಕಾಟ್ ಹೆಚ್ಚಾಗಿದ್ದರೆ, ಉಳಿದವು ಸತ್ತ ಮೇಲೆ ಇವೇ ಎರಡು, ನಾಲ್ಕು, ಎಂಟಾಗಿ ಜಾಗ ತುಂಬುತ್ತವೆ.

ಹಾಗಾದರೆ ಹಳ್ಳ ಸೇರುವ ಜಾಗಕ್ಕಿಂತ ಕೆಳಗಿನ ತೂಬನ್ನೂ ಮುಚ್ಚಿದರೆ? 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜೋಡಿ ಚಿಕಿತ್ಸೆ ಇದೇ. ಡಾಬ್ರಾಫೆನಿಬ್ ಬಿ-ರಾಫ್ ಅನ್ನು, ಟ್ರಾಮೆಟಿನಿಬ್ ಮೆಕ್ ಅನ್ನು ತಡೆಯುತ್ತವೆ. ಒಂದೇ ಔಷಧಿ ಕೊಟ್ಟದ್ದಕ್ಕಿಂತ ಇದರಿಂದ ರೋಗಿಗಳು ಹೆಚ್ಚು ಕಾಲ ಬದುಕಿದರು. 2019ರಲ್ಲಿ ಪ್ರಕಟವಾದ ಲೆಕ್ಕದಂತೆ, ಈ ಜೋಡಿ ಔಷಧಿ ಪಡೆದ 100 ಜನರಲ್ಲಿ ಸುಮಾರು 34 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಉಳಿದ ಅನೇಕರಲ್ಲಿ ಕ್ಯಾನ್ಸರ್ ಕೋಶಗಳು ಬೇರೆ ಬೇರೆ ಹಳ್ಳಗಳನ್ನು ಹುಡುಕಿಕೊಂಡಿದ್ದವು.