‘ಸೋಲ್ಡ್’ ಎಂಬ ಫಲಕ ಮತ್ತು ನನ್ನ ಮಾಮುವಿನ ಮನೆ

ಕಳೆದ ವರ್ಷ ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿರುವ ನನ್ನ ಮಾಮು ಒಂದು ಮನೆಯ ಜಾಹೀರಾತನ್ನು ನಮಗೆ ವಾಟ್ಸಾಪ್‌ನಲ್ಲಿ ಕಳಿಸಿದರು. ಮುಮಾನಿ ಅಲ್ಲಿನ ಸ್ವಿಂಡನ್ ಪಟ್ಟಣದಲ್ಲಿ ನರ್ಸ್ ಆಗಿದ್ದಾರೆ. ಆರು ವರ್ಷದಿಂದ ಅವರದು ಬಾಡಿಗೆ ಮನೆ. ಈಗ ಪಟ್ಟಣದಿಂದ ಸ್ವಲ್ಪ ದೂರದಲ್ಲಿ, ವಿಲ್ಟ್‌ಶೈರ್ ಕೌಂಟಿಯ ಒಂದು ಹಳ್ಳಿಯಲ್ಲಿ ನಾಲ್ಕು ಬೆಡ್‌ರೂಮಿನ ಮನೆ ನೋಡಿದ್ದರು. ಜುಲೈಯಲ್ಲಿ ಮನೆಯವರು ಮಾಮು ಹೇಳಿದ ಬೆಲೆಗೆ ಒಪ್ಪಿದರು. ಮನೆ ಮುಂದಿನ ‘ಫಾರ್ ಸೇಲ್’ ಫಲಕದ ಮೇಲೆ ‘ಸೋಲ್ಡ್’ ಎಂಬ ಪಟ್ಟಿ ಬಿತ್ತು. ಅಮ್ಮಿ ಅಕ್ಕಪಕ್ಕದ ಮನೆಗಳಿಗೆಲ್ಲ ಸಿಹಿ ಹಂಚಿದರು. ಮಾಮುವಿನ ಸಣ್ಣ ಮಗಳು ತನ್ನ ಕೋಣೆಗೆ ಹಳದಿ ಬಣ್ಣ ಎಂದು ತೀರ್ಮಾನ ಮಾಡಿಬಿಟ್ಟಳು.

ಅಕ್ಟೋಬರ್‌ನಲ್ಲಿ ಆ ಮನೆ ಕೈತಪ್ಪಿ ಹೋಯಿತು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಕಾನೂನು ಮುರಿದಿರಲಿಲ್ಲ. ‘ಸೋಲ್ಡ್’ ಎಂದು ಬರೆದ ಮನೆ ಮಾರಾಟವೇ ಆಗಿರಲಿಲ್ಲ ಎಂದರೆ ಹೇಗೆ? ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯಾದ ನನಗೆ ಇದು ತಲೆ ಕೊರೆಯಿತು. ಮಾಮುವನ್ನು ಕೇಳಿ, ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಎಷ್ಟೋ ಮಂದಿಯ ಅಣ್ಣ, ಅಕ್ಕ, ಚಾಚಾ ಹೊರದೇಶದಲ್ಲಿದ್ದಾರೆ. ನಾಳೆ ನಾವೂ ಹೋಗಬಹುದು.

ಜಾಹೀರಾತು ಓದುವುದು ಹೇಗೆ?

ಜಾಹೀರಾತಿನ ಮೊದಲ ಸಾಲಿನಲ್ಲಿ ‘ಮಾಡರ್ನ್ ಡಿಟ್ಯಾಚ್ಡ್ ಫ್ಯಾಮಿಲಿ ಹೌಸ್’ ಎಂದಿತ್ತು. ಡಿಟ್ಯಾಚ್ಡ್ ಎಂದರೆ ನಾಲ್ಕೂ ಕಡೆ ಬಿಡಿಯಾಗಿ ನಿಂತ ಮನೆ. ಒಂದು ಗೋಡೆ ಪಕ್ಕದ ಮನೆಯ ಜೊತೆ ಹಂಚಿಕೊಂಡಿದ್ದರೆ ಸೆಮಿ ಡಿಟ್ಯಾಚ್ಡ್. ಸಾಲು ಮನೆಯಾದರೆ ಟೆರೇಸ್ಡ್. ನಾವು ಟೆರೇಸ್ ಎಂದರೆ ತಾರಸಿ ಎಂದುಕೊಳ್ಳುತ್ತೇವೆ. ಅಲ್ಲಿ ಅದರ ಅರ್ಥವೇ ಬೇರೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ‘ಮಾಡರ್ನ್’ ಎಂಬ ಪದಕ್ಕೆ ತೂಕವಿದೆ. ಅಲ್ಲಿ ಇನ್ನೂರು, ಮುನ್ನೂರು ವರ್ಷದ ಕಲ್ಲಿನ ಮನೆಗಳಲ್ಲಿ ಜನ ಈಗಲೂ ವಾಸ ಮಾಡುತ್ತಾರೆ. ಅವುಗಳಲ್ಲಿ ಬಹಳಷ್ಟು ‘ಲಿಸ್ಟೆಡ್’ ಕಟ್ಟಡಗಳು, ಅಂದರೆ ಸರ್ಕಾರದ ಸಂರಕ್ಷಣೆಯ ಪಟ್ಟಿಯಲ್ಲಿರುವಂಥವು. ಅಂಥ ಮನೆಯ ಹಳೆಯ ಕಿಟಕಿ ಬದಲಿಸಬೇಕಾದರೂ ಸಾಮಾನ್ಯವಾಗಿ ಅನುಮತಿ ಬೇಕು. ಮಾಮು ನೋಡಿದ ಮನೆ ಸುಮಾರು ಇಪ್ಪತ್ತು ವರ್ಷ ಹಿಂದಿನದು. ಗೋಡೆಯ ಎರಡು ಪದರಗಳ ನಡುವೆ ಶಾಖ ತಡೆಯುವ ವಸ್ತು, ಕಿಟಕಿಗೆ ಜೋಡಿ ಗಾಜು. ಚಳಿಗಾಲದ ಖರ್ಚು ಕಡಿಮೆ.

ಆ ಖರ್ಚನ್ನು ಮೊದಲೇ ಅಂದಾಜು ಮಾಡಲು ಅಲ್ಲಿ ಒಂದು ಪತ್ರವಿದೆ. ಅದರ ಹೆಸರು ಇಪಿಸಿ. ನಮ್ಮ ಫ್ರಿಜ್ ಮೇಲೆ ಸ್ಟಾರ್ ಇರುವ ಹಾಗೆ ಅಲ್ಲಿ ಮನೆಗೇ ‘ಎ’ಯಿಂದ ‘ಜಿ’ವರೆಗೆ ದರ್ಜೆ. ಈ ಪದ್ಧತಿ 2007ರಲ್ಲಿ ಶುರುವಾಯಿತು. ಒಮ್ಮೆ ಮಾಡಿಸಿದರೆ 10 ವರ್ಷ ನಡೆಯುತ್ತದೆ. ಮಾಮು ನೋಡಿದ ಮನೆಗೆ ‘ಸಿ’ ದರ್ಜೆ ಇತ್ತು.

ಇನ್ನೊಂದು ಸಾಲು ‘ದಕ್ಷಿಣಕ್ಕೆ ಮುಖ ಮಾಡಿದ ತೋಟ’. ಇದನ್ನು ಅವರು ದೊಡ್ಡ ಅಕ್ಷರದಲ್ಲಿ ಹಾಕಿದ್ದರು. ನಮ್ಮ ಊರಿನಲ್ಲಿ ದಕ್ಷಿಣ ದಿಕ್ಕಿನ ಸೈಟಿಗೆ ಗಿರಾಕಿಗಳು ಹಿಂದೆಮುಂದೆ ನೋಡುತ್ತಾರೆ. ಇಂಗ್ಲೆಂಡ್ ಸಮಭಾಜಕ ವೃತ್ತದಿಂದ ಬಹಳ ಉತ್ತರಕ್ಕಿದೆ. ಅಲ್ಲಿ ಸೂರ್ಯ ನಡುಹಗಲಿನಲ್ಲೂ ನೆತ್ತಿಗೆ ಬರುವುದಿಲ್ಲ, ದಕ್ಷಿಣದ ಆಕಾಶದಲ್ಲೇ ಇರುತ್ತಾನೆ. ಮನೆಯ ಹಿಂದಿನ ತೋಟ ದಕ್ಷಿಣಕ್ಕಿದ್ದರೆ ಬಿಸಿಲು, ಉತ್ತರಕ್ಕಿದ್ದರೆ ಮನೆಯದೇ ನೆರಳು. ಒಂದೇ ದಿಕ್ಕು, ಎರಡು ಊರು, ಎರಡು ಬೆಲೆ!

‘ಫ್ರೀಹೋಲ್ಡ್’ ಎಂದರೆ ಮನೆಯ ಜೊತೆ ನೆಲವೂ ನಮ್ಮದೇ. ಫ್ಲಾಟ್‌ಗಳು ಹೆಚ್ಚಾಗಿ ‘ಲೀಸ್‌ಹೋಲ್ಡ್’, ಅಂದರೆ 99 ಅಥವಾ 125 ಅಥವಾ 999 ವರ್ಷಗಳ ಹಕ್ಕು ಮಾತ್ರ. ‘ಕೌನ್ಸಿಲ್ ಟ್ಯಾಕ್ಸ್ ಬ್ಯಾಂಡ್ ಇ’ ಎಂಬುದು ನಮ್ಮ ಪಂಚಾಯಿತಿ ಕಂದಾಯದಂಥದ್ದು. ಇದರಲ್ಲೊಂದು ವಿಚಿತ್ರವಿದೆ. ಇಂಗ್ಲೆಂಡಿನ ಮನೆಗಳನ್ನು 1991ರ ಏಪ್ರಿಲ್ 1ರಂದು ಎಷ್ಟು ಬೆಲೆ ಬಾಳುತ್ತಿತ್ತು ಎಂಬ ಲೆಕ್ಕದ ಮೇಲೆ ‘ಎ’ಯಿಂದ ‘ಎಚ್’ವರೆಗೆ ಎಂಟು ಗುಂಪು ಮಾಡಿದ್ದಾರೆ. ನಿನ್ನೆ ಕಟ್ಟಿದ ಮನೆಗೂ ಅದು 1991ರಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು ಎಂದೇ ಲೆಕ್ಕ ಹಾಕುತ್ತಾರೆ.

ಜಾಹೀರಾತು ಹೇಳದ, ಆದರೆ ಹಳ್ಳಿಯ ಮನೆಗೆ ಕೇಳಲೇಬೇಕಾದ ಪ್ರಶ್ನೆಗಳೂ ಇವೆ. ಗ್ಯಾಸ್ ಪೈಪ್ ಇದೆಯೋ, ಇಲ್ಲ ಟ್ಯಾಂಕಿಗೆ ಎಣ್ಣೆ ತುಂಬಿಸಿ ಮನೆ ಬೆಚ್ಚಗಿಡಬೇಕೋ? ಶೌಚದ ನೀರು ಊರಿನ ಚರಂಡಿಗೆ ಹೋಗುತ್ತದೋ, ಸೆಪ್ಟಿಕ್ ಟ್ಯಾಂಕಿಗೋ? 2020ರಿಂದ ಸೆಪ್ಟಿಕ್ ಟ್ಯಾಂಕಿನ ನೀರನ್ನು ನೇರವಾಗಿ ಹಳ್ಳ, ಹೊಳೆಗೆ ಬಿಡುವಂತಿಲ್ಲ. ಹಾಗಿದ್ದರೆ ಸರಿಪಡಿಸುವ ಖರ್ಚು ಯಾರ ತಲೆಗೆ? ಬಸ್ ದಿನಕ್ಕೆ ಎಷ್ಟು ಸಲ? ಮುಮಾನಿಗೆ ರಾತ್ರಿ ಪಾಳಿ, ಮಕ್ಕಳಿಗೆ ಶಾಲೆ, ಶುಕ್ರವಾರದ ನಮಾಜಿಗೆ ಸ್ವಿಂಡನ್‌ಗೇ ಬರಬೇಕು. ಕಾರಿಲ್ಲದೆ ಆ ಹಳ್ಳಿಯಲ್ಲಿ ಬದುಕು ನಡೆಯುವಂತಿರಲಿಲ್ಲ.

ನಾನಾಜಾನ್ ಮನೆಯ ಪಾಲು ಮತ್ತು 5,000 ಪೌಂಡ್

ಒಪ್ಪಿದ ಬೆಲೆ 4,25,000 ಪೌಂಡ್. ಇದರ ಮೇಲೆ ಕೊಳ್ಳುವವರು ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. 2025ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿರುವ ದರ ಹೀಗಿದೆ: ಮೊದಲ 1,25,000 ಪೌಂಡಿಗೆ ಏನೂ ಇಲ್ಲ. ಅಲ್ಲಿಂದ 2,50,000ವರೆಗಿನ ಭಾಗಕ್ಕೆ ಶೇ. 2, ಅಲ್ಲಿಂದ 9,25,000ವರೆಗಿನ ಭಾಗಕ್ಕೆ ಶೇ. 5. ನಮ್ಮ ಆದಾಯ ತೆರಿಗೆಯ ಸ್ಲ್ಯಾಬ್‌ನಂತೆಯೇ. ಲೆಕ್ಕ ಹಾಕಿದರೆ 2,500 ಮತ್ತು 8,750, ಒಟ್ಟು 11,250 ಪೌಂಡ್.

ಮೊದಲ ಸಲ ಮನೆ ಕೊಳ್ಳುವವರಿಗೆ ರಿಯಾಯಿತಿ ಇದೆ. ಮನೆಯ ಬೆಲೆ 5,00,000 ಪೌಂಡ್ ಮೀರದಿದ್ದರೆ ಮೊದಲ 3,00,000ಕ್ಕೆ ತೆರಿಗೆ ಇಲ್ಲ, ಉಳಿದದ್ದಕ್ಕೆ ಶೇ. 5. ಆಗ ಮಾಮು ಕಟ್ಟಬೇಕಾದ್ದು 6,250 ಮಾತ್ರ. ಆದರೆ ವಕೀಲರು ಒಂದು ಪ್ರಶ್ನೆ ಕೇಳಿದರು: ಪ್ರಪಂಚದ ಯಾವುದೇ ಮೂಲೆಯಲ್ಲಿ ನಿಮಗೆ ಮನೆಯಲ್ಲಿ ಪಾಲು ಬಂದಿದೆಯೇ? ನಾನಾಜಾನ್ ತೀರಿಕೊಂಡ ಮೇಲೆ ನಮ್ಮ ಊರಿನ ಹಳೆಯ ಹೆಂಚಿನ ಮನೆಯಲ್ಲಿ ಮಾಮುವಿಗೂ ಪಾಲು ಬಂದಿತ್ತು. ಪಿತ್ರಾರ್ಜಿತವಾಗಿ ಬಂದ ಪಾಲಿದ್ದರೂ ಅಲ್ಲಿನ ಕಾನೂನಿನಲ್ಲಿ ‘ಮೊದಲ ಸಲ ಕೊಳ್ಳುವವರು’ ಆಗುವುದಿಲ್ಲ. ರಿಯಾಯಿತಿ ಹೋಯಿತು. ಮಳೆಗಾಲದಲ್ಲಿ ಸೋರುವ ಆ ಮನೆಯ ಒಂದು ಪಾಲಿನಿಂದ 5,000 ಪೌಂಡ್ ಹೆಚ್ಚಾಯಿತು. ಹೊರದೇಶದಲ್ಲಿ ಮನೆ ಕೊಳ್ಳುವ ನಮ್ಮವರು ನೆನಪಿಡಬೇಕಾದ ವಿಷಯ ಇದು.

ಹಣದ ವಿಷಯದಲ್ಲಿ ಮಾಮು ಬಡ್ಡಿ ಸಾಲ ಬೇಡ ಎಂದಿದ್ದರು. ಅಲ್ಲಿ ‘ಹೋಮ್ ಪರ್ಚೇಸ್ ಪ್ಲಾನ್’ ಎಂಬ ವ್ಯವಸ್ಥೆ ಇದೆ. ಬ್ಯಾಂಕ್ ಮತ್ತು ಗಿರಾಕಿ ಸೇರಿ ಮನೆ ಕೊಳ್ಳುತ್ತಾರೆ. ಬ್ಯಾಂಕಿನ ಪಾಲಿಗೆ ಗಿರಾಕಿ ಬಾಡಿಗೆ ಕೊಡುತ್ತಾ, ಆ ಪಾಲನ್ನೇ ಸ್ವಲ್ಪ ಸ್ವಲ್ಪವಾಗಿ ಕೊಂಡುಕೊಳ್ಳುತ್ತಾ ಹೋಗುತ್ತಾನೆ. ಇದಕ್ಕೆ ಕ್ಷೀಣಿಸುವ ಮುಶಾರಕಾ, ಅಂದರೆ ಕರಗುತ್ತಾ ಹೋಗುವ ಪಾಲುದಾರಿಕೆ ಎಂದು ಹೆಸರು. ಮೊದಲು ಇದಕ್ಕೆ ಎರಡು ಸಲ ಸ್ಟ್ಯಾಂಪ್ ಡ್ಯೂಟಿ ಬೀಳುತ್ತಿತ್ತು: ಬ್ಯಾಂಕ್ ಕೊಂಡಾಗ ಒಮ್ಮೆ, ಗಿರಾಕಿಯ ಹೆಸರಿಗೆ ಬಂದಾಗ ಇನ್ನೊಮ್ಮೆ. ಬ್ರಿಟನ್ನಿನ 2003ರ ಹಣಕಾಸು ಕಾಯ್ದೆ ಆ ಎರಡನೇ ಹೊರೆಯನ್ನು ತೆಗೆಯಿತು.

‘ಸೋಲ್ಡ್’ ಎಂದರೆ ಏನು?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಮಾತುಕತೆ ಮುಗಿದ ಕೂಡಲೇ ಮುಂಗಡ ಕೊಟ್ಟು ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಳ್ಳುತ್ತೇವೆ. ಆಮೇಲೆ ಋಣಭಾರ ಪತ್ರ, ಖಾತಾ ನೋಡಿ, ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ. ಮಾರುವವರು ನಡುವೆ ಕೈಕೊಟ್ಟರೆ ಕರಾರು ಹಿಡಿದು ಕೋರ್ಟಿಗೆ ಹೋಗಬಹುದು.

ಇಂಗ್ಲೆಂಡಿನಲ್ಲಿ ಕ್ರಮ ತಿರುಗುಮುರುಗು. ಮೊದಲು ಬಾಯಿಮಾತಿನ ಒಪ್ಪಿಗೆ. ಆಮೇಲೆ ತಿಂಗಳುಗಟ್ಟಲೆ ಪರಿಶೀಲನೆ. ಕೊಳ್ಳುವವರ ವಕೀಲರು ಭೂದಾಖಲೆ, ರಸ್ತೆ, ಚರಂಡಿ, ನೆರೆಯ ಅಪಾಯ ಎಲ್ಲವನ್ನೂ ವಿಚಾರಿಸುತ್ತಾರೆ. ಸರ್ವೇಯರ್ ಬಂದು ಗೋಡೆ, ಚಾವಣಿ ನೋಡುತ್ತಾರೆ. ಕರಾರು ಬರುವುದು ಇದೆಲ್ಲ ಮುಗಿದ ಮೇಲೆ. 1989ರ ಕಾಯ್ದೆಯೊಂದರ ಪ್ರಕಾರ ಜಮೀನು, ಮನೆ ಮಾರುವ ಕರಾರು ಬರಹದಲ್ಲೇ ಇರಬೇಕು, ಎಲ್ಲ ಷರತ್ತೂ ಅದರಲ್ಲಿರಬೇಕು, ಎರಡೂ ಕಡೆಯವರ ಸಹಿ ಇರಬೇಕು. ಒಂದೇ ರೀತಿಯ ಎರಡು ಪ್ರತಿಗಳಿಗೆ ಒಬ್ಬೊಬ್ಬರು ಸಹಿ ಹಾಕಿ, ವಕೀಲರ ಮೂಲಕ ಅದಲುಬದಲು ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಇದು ಇಬ್ಬರು ವಕೀಲರ ನಡುವಿನ ಒಂದು ಫೋನ್ ಕರೆಯಲ್ಲಿ ನಡೆದುಹೋಗುತ್ತದೆ! ಇದರ ಹೆಸರು ‘ಎಕ್ಸ್‌ಚೇಂಜ್’. ಆ ಹೊತ್ತಿಗೆ ಸಾಮಾನ್ಯವಾಗಿ ಶೇ. 10 ಹಣ ಕಟ್ಟಬೇಕು. ಆ ಕ್ಷಣದಿಂದ ಇಬ್ಬರೂ ಬದ್ಧರು. ಕೊಳ್ಳುವವರು ಹಿಂದೆ ಸರಿದರೆ ಆ ಹಣ ಹೋಗಬಹುದು. ಮಾರುವವರು ಸರಿದರೆ ಕೋರ್ಟು ಕೇಳುತ್ತದೆ. ಆಮೇಲೆ ನಿಗದಿಯಾದ ದಿನ ಪೂರ್ತಿ ಹಣ ಕೊಟ್ಟು ಕೀಲಿ ಪಡೆಯುವುದು ‘ಕಂಪ್ಲೀಷನ್’.

ಎಕ್ಸ್‌ಚೇಂಜ್ ಆಗುವ ತನಕ ಯಾರು ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ‘ಬೇಡ’ ಎನ್ನಬಹುದು. ಇನ್ನೊಬ್ಬರು ಹೆಚ್ಚು ಬೆಲೆ ಕೊಟ್ಟರೆ ಅವರಿಗೆ ಒಪ್ಪಿಕೊಳ್ಳಲೂಬಹುದು. ಇದಕ್ಕೆ ಅಲ್ಲಿ ‘ಗಜಂಪಿಂಗ್’ ಎಂಬ ಹೆಸರೇ ಇದೆ. ಮಾಮುವಿನ ಮನೆ ಮುಂದಿನ ಫಲಕದಲ್ಲಿ ‘ಸೋಲ್ಡ್’ ಪದದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಬ್ಜೆಕ್ಟ್ ಟು ಕಾಂಟ್ರಾಕ್ಟ್’ ಎಂದಿತ್ತು. ಕರಾರು ಆದರೆ ಮಾತ್ರ ಎಂದರ್ಥ. ನಾವೆಲ್ಲ ದೊಡ್ಡ ಅಕ್ಷರ ಓದಿ ಸಿಹಿ ಹಂಚಿದ್ದೆವು.

ಸರಪಳಿ

ಮನೆ ಮಾರುವವರು ಇನ್ನೊಂದು ಮನೆ ಕೊಳ್ಳುತ್ತಿರುತ್ತಾರೆ. ಅದನ್ನು ಮಾರುವವರು ಮತ್ತೊಂದನ್ನು. ಹಳೆಯದನ್ನು ಮಾರಿದ ಹಣದಿಂದಲೇ ಹೊಸದನ್ನು ಕೊಳ್ಳುವುದರಿಂದ ಎಲ್ಲರ ಎಕ್ಸ್‌ಚೇಂಜ್ ಒಂದೇ ದಿನ ಆಗಬೇಕು. ಈ ಸಾಲಿಗೆ ‘ಚೈನ್’ ಎನ್ನುತ್ತಾರೆ. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ನೆಲಕ್ಕೆ.

ಆ ಹಳ್ಳಿಯ ಮನೆಯವರು ನಿವೃತ್ತ ದಂಪತಿ. ಸಮುದ್ರದ ಹತ್ತಿರ ಒಂದು ಚಿಕ್ಕ ಮನೆ ಕೊಳ್ಳುವುದರಲ್ಲಿದ್ದರು. ಅದರ ಮಾಲೀಕರು ಅಕ್ಟೋಬರ್‌ನಲ್ಲಿ ಮನಸ್ಸು ಬದಲಿಸಿದರು. ಹೋಗಲು ಜಾಗವಿಲ್ಲದ ದಂಪತಿ ಮಾರಾಟ ನಿಲ್ಲಿಸಿದರು. ಕ್ಷಮೆ ಕೇಳಿ ಮಾಮುವಿಗೆ ಕೈಬರಹದ ಒಂದು ಕಾರ್ಡ್ ಕಳಿಸಿದರು. ವಕೀಲರು, ಸರ್ವೇಯರ್ ಅಂತ ಮಾಮು ಖರ್ಚು ಮಾಡಿದ ಸುಮಾರು 1,500 ಪೌಂಡ್ ವಾಪಸ್ ಬರಲಿಲ್ಲ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ಅಬ್ಬಾ ಫೋನಿನಲ್ಲಿ ಕೇಳಿದರು, “ಹಾಗಾದರೆ ಅಲ್ಲಿ ಕೊಟ್ಟ ಮಾತಿಗೆ ಬೆಲೆಯೇ ಇಲ್ಲವಾ?”

ಮಾಮು ಹೇಳಿದರು, “ಬೆಲೆ ಇದೆ ಭಾಯ್, ಬಲ ಇಲ್ಲ.”

ಈ ಪದ್ಧತಿಯಲ್ಲಿ ಒಳ್ಳೆಯದೂ ಇದೆ. ಪೂರ್ತಿ ತಿಳಿದುಕೊಳ್ಳುವ ಮೊದಲೇ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಮ್ಮಲ್ಲಿ ಮುಂಗಡ ಕೊಟ್ಟ ಮೇಲೆ ಜಾಗ ವ್ಯಾಜ್ಯದಲ್ಲಿದೆ ಎಂದು ಗೊತ್ತಾಗಿ ಅಲೆದವರನ್ನು ನೋಡಿದ್ದೇವೆ. ಪಕ್ಕದ ಸ್ಕಾಟ್ಲೆಂಡಿನ ದಾರಿ ಬೇರೆ. ಅಲ್ಲಿ 2008ರ ಡಿಸೆಂಬರ್‌ನಿಂದ ಮಾರುವವರೇ ಮೊದಲು ಸರ್ವೇ ಮಾಡಿಸಿ ‘ಹೋಮ್ ರಿಪೋರ್ಟ್’ ಕೊಡಬೇಕು. ಹಾಗಾಗಿ ಕೊಳ್ಳುವವರಿಗೆ ಮನೆಯ ಸ್ಥಿತಿ ಬೆಲೆ ಹೇಳುವ ಮೊದಲೇ ಗೊತ್ತಿರುತ್ತದೆ.

ನಾನು ಕಲಿತದ್ದು ಇಷ್ಟು. ಮಾತು ಯಾವ ಕ್ಷಣದಲ್ಲಿ ಕರಾರಾಗುತ್ತದೆ ಎಂಬುದನ್ನು ಪ್ರತಿ ದೇಶವೂ ತನ್ನ ಕಾನೂನಿನಲ್ಲಿ ಬರೆದಿಟ್ಟಿದೆ. ಆ ಕ್ಷಣ ಯಾವುದೆಂದು ತಿಳಿಯದೆ ಸಂತೋಷವನ್ನೂ ಖರ್ಚು ಮಾಡಬಾರದು, ಹಣವನ್ನೂ ಖರ್ಚು ಮಾಡಬಾರದು. ಆದರೆ ಕಾನೂನು ಬಿಟ್ಟುಕೊಟ್ಟಿತು ಎಂದ ಮಾತ್ರಕ್ಕೆ ಕೊಟ್ಟ ಮಾತಿನ ಹೊಣೆ ಮುಗಿಯುವುದಿಲ್ಲ. ಆ ದಂಪತಿ ಕಳಿಸಿದ ಕಾರ್ಡ್ ಇದನ್ನೇ ಹೇಳುತ್ತಿತ್ತು ಎಂದು ನನಗನಿಸುತ್ತದೆ.

ಮಾಮು ಈಗಲೂ ಮನೆ ಹುಡುಕುತ್ತಿದ್ದಾರೆ. ಜಾಹೀರಾತು ಕಂಡರೆ ಮೊದಲು ಹುಡುಕುವುದು ಬೆಡ್‌ರೂಮಿನ ಲೆಕ್ಕವನ್ನಲ್ಲ, ‘ನೋ ಆನ್‌ವರ್ಡ್ ಚೈನ್’ ಎಂಬ ಸಾಲನ್ನು. ಮುಂದೆ ಸರಪಳಿ ಇಲ್ಲ ಎಂದರ್ಥ. ಮಗಳು ಹಳದಿ ಬಣ್ಣದ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದಾಳಂತೆ. ಈ ಸಲ ಕೀಲಿ ಕೈಗೆ ಬಂದ ಮೇಲೆಯೇ ಸಿಹಿ ಎಂದು ಅಮ್ಮಿ ಹೇಳಿದ್ದಾರೆ.