ಮುಖ ಮುಚ್ಚಿಕೊಂಡು ಸಾಕುವ ಮರಿಗಳು

ಸ್ಯಾನ್ ಹೋಸೆಯಲ್ಲಿ ಓದ್ತಾ ಇರೋ ನಾನು ಕಳೆದ ಶನಿವಾರ ಮಾಂಟೆರೆ ಬೇ ಅಕ್ವೇರಿಯಂ ನೋಡಿ ಬಂದೆ. 28 ಅಡಿ ಎತ್ತರದ ಕೆಲ್ಪ್ ತೊಟ್ಟಿ ಚೆಂದವೇ. ಆದರೆ ಹೆಚ್ಚು ಹೊತ್ತು ನಿಂತದ್ದು ಕಡಲ ನೀರುನಾಯಿಗಳ ಮುಂದೆ. ನಮ್ಮ ತುಂಗಭದ್ರೆಯ ನೀರುನಾಯಿಗಳ ದೂರದ ನೆಂಟರು. ತುಪ್ಪಳದ ಆಸೆಗೆ ಜನ ಬೇಟೆಯಾಡಿ ಆಡಿ, ಕ್ಯಾಲಿಫೋರ್ನಿಯಾದಲ್ಲಿ ಈಗ ಇರೋದು ಸುಮಾರು 3,000 ಅಷ್ಟೆ.

ತಾಯಿಯಿಂದ ಬೇರೆಯಾಗಿ ದಡಕ್ಕೆ ಬಂದು ಬಿದ್ದ ಮರಿಗಳನ್ನ ಇಲ್ಲಿ ಸಾಕ್ತಾರೆ. ಸಾಕುವವರು ಕಪ್ಪು ನಿಲುವಂಗಿ ತೊಟ್ಟು, ವೆಲ್ಡಿಂಗ್ ಮಾಡುವವರ ಮುಖಕವಚ ಹಾಕ್ಕೊಂಡೇ ಹಾಲು ಕುಡಿಸೋದು! ಯಾಕೆ ಗೊತ್ತಾ? ಮನುಷ್ಯರಿಗೆ ಒಗ್ಗಿಹೋದ ಮರಿಯನ್ನ ಮತ್ತೆ ಕಡಲಿಗೆ ಬಿಡೋಕಾಗಲ್ಲ. ಆಮೇಲೆ ಅಲ್ಲೇ ಇರೋ ಹೆಣ್ಣು ನೀರುನಾಯಿಯೊಂದರ ಜೊತೆ ಬಿಡ್ತಾರೆ. ಏಡಿ ಹಿಡಿಯೋದು, ಚಿಪ್ಪು ಒಡೆಯೋದು, ಎಲ್ಲ ಕಲಿಸೋದು ಆ ಸಾಕುತಾಯಿ. ತಾನು ಮಾತ್ರ ಕಡಲಿಗೆ ಮರಳಲಾರದವಳು.

ಹೀಗೆ ಬೆಳೆದವುಗಳನ್ನ ಹತ್ತಿರದ ಎಲ್ಕ್‌ಹಾರ್ನ್ ಸ್ಲೂ ಎಂಬ ಅಳಿವೆಗೆ ಬಿಟ್ಟರು. 2002ರಿಂದ 2016ರವರೆಗೆ ಅಲ್ಲಿ ಹೆಚ್ಚಾದ ನೀರುನಾಯಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇವೇ, ಇಲ್ಲವೇ ಇವುಗಳ ಮಕ್ಕಳುಮರಿ. ಅವು ಏಡಿ ತಿಂದು ತಿಂದು, ಸೊರಗಿದ್ದ ಕಡಲಹುಲ್ಲೂ ಅಲ್ಲಿ ಮತ್ತೆ ಹರಡಿಕೊಂಡಿದೆ.