ಡಿಸ್ಚಾರ್ಜ್ ಆಯ್ತು, ಆದ್ರೆ ಮನೆಗೆ ಹೋಗೋ ಹಾಗಿಲ್ಲ!

ಇವತ್ತು ರಾಜಕೀಯ ಬೇಡ. ನಮ್ಮ ಮನೆಯಲ್ಲೇ ನಡೆದ ಒಂದು ವಿಷಯ ಹೇಳ್ತೀನಿ. ಹೇಳೋಕೆ ಸ್ವಲ್ಪ ನಾಚಿಕೆಯೂ ಆಗುತ್ತೆ.

ಕಳೆದ ವರ್ಷ ನಮ್ಮಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯ್ತು. ಮೂರನೇ ದಿನ ಬೆಳಗ್ಗೆ 11 ಗಂಟೆಗೆ ಡಾಕ್ಟರ್ ಬಂದು, "ಆರಾಮಾಗಿದ್ದೀರಮ್ಮ, ಮನೆಗೆ ಹೊರಡಿ" ಅಂದ್ರು. ಅಮ್ಮ ಸೀರೆ ಉಟ್ಕೊಂಡು, ಬ್ಯಾಗ್ ಪಕ್ಕದಲ್ಲಿಟ್ಕೊಂಡು ಕೂತ್ರು. ಮಧ್ಯಾಹ್ನ ಆಯ್ತು, ಸಂಜೆ ಆಯ್ತು. ಇನ್ಶೂರೆನ್ಸ್ ಕೌಂಟರ್‌ನಲ್ಲಿ ಕೇಳಿದಾಗೆಲ್ಲ ಒಂದೇ ಉತ್ತರ: "ಅಪ್ರೂವಲ್ ಬಂದಿಲ್ಲ ಸಾರ್." ರಾತ್ರಿ 8ಕ್ಕೆ ಅಪ್ರೂವಲ್ ಬಂತು. ಜೊತೆಗೆ ಬಿಲ್‌ನಲ್ಲಿ ಇನ್ನೊಂದು ದಿನದ ರೂಮ್ ಬಾಡಿಗೆಯೂ ಬಂತು. ಕಟ್ಟಿ ಬಂದೆ.

ನಾಚಿಕೆ ಯಾಕೆ ಗೊತ್ತಾ? ಆ ಬಾಡಿಗೆ ನಾನು ಕಟ್ಟಬೇಕಾಗಿರಲಿಲ್ಲ ಅನ್ನೋ ನಿಯಮ ಬಂದಾಗ, ಆ ಸುದ್ದಿಯನ್ನು ಟಿವಿಯಲ್ಲಿ ಓದಿದ್ದು ನಾನೇ!

2024ರ ಮೇ 29ರಂದು ವಿಮಾ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಐಆರ್‌ಡಿಎಐ, ಆರೋಗ್ಯ ವಿಮೆಗೆ ಒಂದು ಮಾಸ್ಟರ್ ಸರ್ಕ್ಯುಲರ್ ಹೊರಡಿಸಿತು. ಕ್ಯಾಶ್‌ಲೆಸ್ ಚಿಕಿತ್ಸೆಗೆ ಅರ್ಜಿ ಬಂದ 1 ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. ಡಿಸ್ಚಾರ್ಜ್‌ಗೆ ಆಸ್ಪತ್ರೆ ಅನುಮತಿ ಕೇಳಿದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ತಡವಾದರೆ, ಅದರಿಂದ ಆಸ್ಪತ್ರೆ ಹಾಕುವ ಹೆಚ್ಚುವರಿ ಹಣವನ್ನು ವಿಮಾ ಕಂಪನಿಯೇ ಭರಿಸಬೇಕು. ಅದೂ ಷೇರುದಾರರ ನಿಧಿಯಿಂದ. ನಾವು ನೀವು ಕಟ್ಟಿದ ಪ್ರೀಮಿಯಂ ಹಣದಿಂದ ಅಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಟೈಮ್‌ಔಟ್ ಅಂತ ಒಂದಿದೆ. ಎದುರಿನ ಯಂತ್ರ ಇಷ್ಟು ಹೊತ್ತಿನಲ್ಲಿ ಉತ್ತರ ಕೊಡದಿದ್ರೆ ಮುಂದೇನು ಅಂತ ಮೊದಲೇ ಬರೆದಿಡ್ತೀವಿ. ಬರೆಯದಿದ್ರೆ ಇಡೀ ವ್ಯವಸ್ಥೆ ಕಾಯ್ತಾ ನಿಂತುಬಿಡುತ್ತೆ. ಈ ಸರ್ಕ್ಯುಲರ್ ಮಾಡಿದ್ದೂ ಅದನ್ನೇ. ಕಾಯುವ ನಷ್ಟವನ್ನು ರೋಗಿಯ ತಲೆಯಿಂದ ಇಳಿಸಿ, ತಡ ಮಾಡಿದವರ ತಲೆಗೆ ಹಾಕಿತು.

ಇನ್ನೊಂದು ದೊಡ್ಡ ಬದಲಾವಣೆ ಇದೆ. ಪಾಲಿಸಿ ಮಾಡಿಸುವಾಗಲೇ ಇದ್ದ ಬಿಪಿ, ಶುಗರ್‌ಗೆ ಮೊದಲು 4 ವರ್ಷದವರೆಗೂ ಕಾಯಿಸಬಹುದಿತ್ತು. 2024ರ ಏಪ್ರಿಲ್‌ನಿಂದ ಅದು ಹೆಚ್ಚೆಂದರೆ 36 ತಿಂಗಳು. ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, "ನೀವು ಕಾಯಿಲೆ ಮುಚ್ಚಿಟ್ಟಿದ್ರಿ" ಅಂತ ಕಂಪನಿ ಕ್ಲೇಮ್ ತಳ್ಳಿಹಾಕೋ ಹಾಗಿಲ್ಲ. ಮೊದಲು ಇದು 8 ವರ್ಷ ಇತ್ತು. ಆದರೆ ಗಮನಿಸಿ: ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. ಮಧ್ಯೆ ವಿಮಾ ಮೊತ್ತ ಹೆಚ್ಚಿಸಿಕೊಂಡಿದ್ದರೆ, ಹೆಚ್ಚಿದ ಭಾಗಕ್ಕೆ 60 ತಿಂಗಳ ಲೆಕ್ಕ ಹೊಸದಾಗಿ ಶುರು.

ಹಾಗಾಗಿ ಏಜೆಂಟ್ ಬಂದು "ಶುಗರ್ ಇದೆ ಅಂತ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದ್ರೆ ದಯವಿಟ್ಟು ಕೇಳಬೇಡಿ. ಬರೀರಿ. ಅರ್ಜಿಗೆ ಸಹಿ ಹಾಕೋದು ನೀವು, ಏಜೆಂಟ್ ಅಲ್ಲ.

ಕ್ಲೇಮ್ ತಿರಸ್ಕಾರ ಆದ್ರೆ? ಕಂಪನಿಯ ಒಬ್ಬ ಅಧಿಕಾರಿ ಕೂತು "ಇಲ್ಲ" ಅನ್ನೋ ಹಾಗಿಲ್ಲ. ಪರಿಶೀಲನಾ ಸಮಿತಿ ಒಪ್ಪಬೇಕು. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಕಾರಣ ಬರೆದು ಕೊಡಬೇಕು. ಮೊದಲು ಕಂಪನಿಗೇ ದೂರು ಕೊಡಿ. 1 ತಿಂಗಳಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಸರಿ ಅನಿಸದಿದ್ರೆ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಲ್ಲೇ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ 1 ವರ್ಷದೊಳಗೆ ಹೋಗಬೇಕು. ಅವರ ತೀರ್ಪನ್ನು ಕಂಪನಿ 30 ದಿನದಲ್ಲಿ ಜಾರಿ ಮಾಡದಿದ್ರೆ, ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಒಂದು ದೊಡ್ಡ ತೂತು ಇದೆ. ಐಆರ್‌ಡಿಎಐ ಹಿಡಿತ ಇರೋದು ವಿಮಾ ಕಂಪನಿಗಳ ಮೇಲೆ. ಆಸ್ಪತ್ರೆಗಳ ಮೇಲೆ ಅಲ್ಲ. ಆ 3 ಗಂಟೆಯ ಗಡಿಯಾರ ಓಡೋಕೆ ಶುರುವಾಗೋದು ಡಾಕ್ಟರ್ "ಹೊರಡಿ" ಅಂದಾಗ ಅಲ್ಲ, ಆಸ್ಪತ್ರೆ ಬಿಲ್ ಸಿದ್ಧ ಮಾಡಿ ಕಂಪನಿಗೆ ಕಳಿಸಿದಾಗ. ಬಿಲ್ಲಿಂಗ್ ವಿಭಾಗ ನಾಲ್ಕು ಗಂಟೆ ಸುಮ್ಮನೆ ಕೂತರೆ ಆ ನಾಲ್ಕು ಗಂಟೆ ಯಾರ ಲೆಕ್ಕಕ್ಕೂ ಇಲ್ಲ.

ಇದು ನನಗೆ ತಿಳಿದದ್ದು ತಡವಾಗಿ. ಮನೆಗೆ ಬಂದ ಮೇಲೆ ಸರ್ಕ್ಯುಲರ್ ನೆನಪಾಗಿ ವಿಮಾ ಕಂಪನಿಗೆ ದೂರು ಬರೆದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಸ್ಪತ್ರೆಯವರು ಎಷ್ಟು ಗಂಟೆಗೆ ನಮಗೆ ಕಳಿಸಿದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಹತ್ತಿರ ಇರಲಿ. ಡಾಕ್ಟರ್ ಸಹಿ ಹಾಕಿದ ತಕ್ಷಣ ಕೌಂಟರ್‌ಗೆ ಹೋಗಿ, "ಬಿಲ್ ಯಾವಾಗ ಕಳಿಸ್ತೀರಿ?" ಅಂತ ಕೇಳಿ. ಕಳಿಸಿದ ಸಮಯ ಬರೆಸಿಕೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ. ಇನ್ನು ಸರ್ಕಾರಕ್ಕೆ ಒಂದು ಮಾತು. ಕಂಪನಿಗೆ ಕಟ್ಟಿದ ಗಡಿಯಾರವನ್ನೇ ಆಸ್ಪತ್ರೆಗೂ ಕಟ್ಟಿ. ಅಲ್ಲಿವರೆಗೂ ವಾಸಿಯಾದ ಅಮ್ಮಂದಿರು ಸೀರೆ ಉಟ್ಕೊಂಡು ಹಾಸಿಗೆ ಮೇಲೆ ಕಾಯ್ತಾ ಕೂತೇ ಇರ್ತಾರೆ.